ಆವರ್ತನ ಧ್ಯಾನದ ತರಗತಿ: ಕೊಟ್ಟ ಮೂವತ್ತೈದು ನಿಮಿಷಕ್ಕೆ ಸಿಗುವುದೇನು?

ದಿನವಿಡೀ ಕುರ್ಚಿಯಲ್ಲಿ ಕೂತವರು ಸಂಜೆ ಬಂದು ನೇರವಾಗಿ ಶವಾಸನದಲ್ಲಿ ಮಲಗಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ಒಂದೋ ಕಚೇರಿಯ ಮಾತುಗಳೇ ತಲೆಯೊಳಗೆ ಸುತ್ತುತ್ತಿರುತ್ತವೆ, ಇಲ್ಲವೇ ಐದು ನಿಮಿಷದಲ್ಲಿ ಗೊರಕೆ ಶುರುವಾಗುತ್ತದೆ. ಎರಡರಲ್ಲೂ ಬಿಗಿ ಬಿಡುವುದಿಲ್ಲ. ಆವರ್ತನ ಧ್ಯಾನ, ಅಂದರೆ ಸೈಕ್ಲಿಕ್ ಮೆಡಿಟೇಶನ್, ಈ ತೊಡಕನ್ನೇ ಹಿಡಿದು ಹೊರಟ ಕ್ರಮ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದಲ್ಲಿ (ಎಸ್-ವ್ಯಾಸ) ಡಾ. ಎಚ್.ಆರ್. ನಾಗೇಂದ್ರ ಇದನ್ನು ರೂಪಿಸಿದರು. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ, ಅಂದರೆ ಆ ಸಂಸ್ಥೆಯ ಆವರಣದಲ್ಲಿ, ಕಲಿತ ಶಿಕ್ಷಕರು ಈಗ ಬೇರೆ ಕಡೆಗಳಲ್ಲೂ ಹೇಳಿಕೊಡುತ್ತಾರೆ.

ಇದರ ಬೇರು ಅದ್ವೈತದ ಆಚಾರ್ಯ ಗೌಡಪಾದರು ಮಾಂಡೂಕ್ಯ ಉಪನಿಷತ್ತಿನ ಮೇಲೆ ಬರೆದ ಮಾಂಡೂಕ್ಯ ಕಾರಿಕೆಯಲ್ಲಿದೆ: ‘ಲಯೇ ಸಂಬೋಧಯೇಚ್ಚಿತ್ತಂ ವಿಕ್ಷಿಪ್ತಂ ಶಮಯೇತ್ ಪುನಃ’. ಮನಸ್ಸು ತೂಕಡಿಸಿದರೆ ಎಬ್ಬಿಸು, ಚದುರಿದರೆ ತಣಿಸು. ತರಗತಿ ಈ ಶ್ಲೋಕದಿಂದಲೇ ಆರಂಭವಾಗುತ್ತದೆ. ಮುಂದಿನದೆಲ್ಲ ಅದನ್ನೇ ದೇಹದಲ್ಲಿ ಮಾಡಿ ನೋಡುವ ಕೆಲಸ: ಒಂದು ಚಲನೆ, ಒಂದು ವಿಶ್ರಾಂತಿ, ಮತ್ತೆ ಚಲನೆ, ಇನ್ನೂ ಆಳದ ವಿಶ್ರಾಂತಿ. ಕಣ್ಣು ಕೊನೆಯವರೆಗೂ ಮುಚ್ಚಿಯೇ ಇರುತ್ತದೆ.

ಮೊದಲ ಹಂತ ದಿಢೀರ್ ವಿಶ್ರಾಂತಿ. ಅಂಗಾತ ಮಲಗಿ, ಕಾಲು ಜೋಡಿಸಿ, ಬೆರಳಿನಿಂದ ತಲೆಯವರೆಗೆ ಒಂದೊಂದೇ ಭಾಗವನ್ನು ಬಿಗಿಮಾಡುತ್ತಾ ಬರಬೇಕು: ಪಾದ, ಮೀನಖಂಡ, ಮಂಡಿಚಿಪ್ಪು, ತೊಡೆ, ಪೃಷ್ಠ, ಹೊಟ್ಟೆ, ಮುಷ್ಟಿ, ಎದೆ, ಕತ್ತು, ಮುಖ. ಇಡೀ ದೇಹ ಕೊರಡಿನಂತಾದಾಗ ಒಂದೇ ಸಲಕ್ಕೆ ಬಿಟ್ಟುಬಿಡಬೇಕು. ಹೊಸಬರು ಎಡವುವುದು ಇಲ್ಲೇ. ಮುಖಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿ ಹಲ್ಲು ಕಚ್ಚುತ್ತಾರೆ, ಆಮೇಲೆ ಹಣೆ ನೋಯುತ್ತದೆ ಅನ್ನುತ್ತಾರೆ. ಬಿಗಿಯಲ್ಲೂ ಉಸಿರು ಸಣ್ಣಗೆ ಆಡುತ್ತಿರಬೇಕು.

ನಂತರ ಪಕ್ಕಕ್ಕೆ ಹೊರಳಿ, ನಿಧಾನವಾಗಿ ಎದ್ದು ತಾಡಾಸನ, ಅಂದರೆ ನೆಟ್ಟಗೆ ನಿಲ್ಲುವುದು. ದೇಹದ ಭಾರವನ್ನು ಬೆರಳುಗಳ ಮೇಲೆ, ಹಿಮ್ಮಡಿಯ ಮೇಲೆ, ಬಲಕ್ಕೆ, ಎಡಕ್ಕೆ ಹೊರಳಿಸಿ ನಡುವೆ ನಿಲ್ಲಿಸುವುದು. ಮೆತ್ತನೆಯ ಹಾಸಿಗೆ ಹಾಕಿದ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು ಇದನ್ನು ಮಾಡಲಾಗದು. ಪಾದಕ್ಕೆ ನೆಲ ಸಿಗುವುದಿಲ್ಲ. ಜಮಖಾನೆ ಅಥವಾ ತೆಳು ಮ್ಯಾಟ್ ಸಾಕು. ಮಲಗಿದ್ದವರನ್ನು ಸರಕ್ಕನೆ ಎಬ್ಬಿಸುವ ಶಿಕ್ಷಕರಿದ್ದರೆ ಕಡಿಮೆ ಬಿಪಿ ಇರುವವರಿಗೆ ತಲೆ ಸುತ್ತುತ್ತದೆ.

ಈ ತರಗತಿಯ ಜೀವಾಳ ಮುಂದಿನ ಅರ್ಧಕಟಿ ಚಕ್ರಾಸನ. ಬಲಗೈ ಪಕ್ಕದಿಂದ ಏಳುತ್ತದೆ. 45 ಡಿಗ್ರಿಯಲ್ಲಿ ನಿಲುಗಡೆ, 90ರಲ್ಲಿ ಅಂಗೈ ಮೇಲಕ್ಕೆ, 135ರಲ್ಲಿ ಮತ್ತೆ ನಿಲುಗಡೆ, ಆಮೇಲೆ ನೆಟ್ಟಗೆ. ಅಲ್ಲಿಂದ ಎಡಕ್ಕೆ ಬಾಗುವುದು. ಹೊರಗಿನಿಂದ ನೋಡಿದವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಒಳಗೆ ಮಾತ್ರ ಬೆರಳತುದಿಯ ಜುಮುಜುಮು, ಭುಜದ ಭಾರ, ಕೈ ಇಳಿಸುವಾಗ ರಕ್ತ ಹರಿದು ಬರುವ ಬಿಸಿ ಒಂದೊಂದೂ ಗೊತ್ತಾಗುತ್ತದೆ. ಒಂದು ಕೈ ಏರಿ ಇಳಿಯಲು ಎರಡು ನಿಮಿಷವಾದರೂ ಬೇಕು. ‘ಒನ್, ಟೂ’ ಎಂದು ಎಣಿಸಿ ಹತ್ತು ಸೆಕೆಂಡಿನಲ್ಲಿ ಮುಗಿಸುವ ಕಡೆ ಸಿಗುವುದು ಬರೀ ಡ್ರಿಲ್, ಅದಕ್ಕೆ ಶುಲ್ಕ ಕೊಡಬೇಡಿ. ಬಾಗುವಾಗ ಮುಂದಕ್ಕೆ ಜೋಲುವುದು, ಮೊಣಕೈ ಮಡಚುವುದು ತಪ್ಪು. ತೋಳು ಕಿವಿಗೆ ತಾಗಿರಬೇಕು.

ಮತ್ತೆ ಮಲಗಿ ಶೀಘ್ರ ವಿಶ್ರಾಂತಿ. ಐದು ಸಲ ಹೊಟ್ಟೆಯ ಏರಿಳಿತ ಗಮನಿಸಿ, ಐದು ಸಲ ಅದಕ್ಕೆ ಉಸಿರು ಹೊಂದಿಸಿ, ಇನ್ನೈದು ಸಲ ಉಸಿರು ಬಿಡುವಾಗ ದೇಹವನ್ನೂ ಬಿಡುವುದು. ಆಮೇಲೆ ವಜ್ರಾಸನ (ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವುದು), ಶಶಾಂಕಾಸನ (ಹಾಗೇ ಕೂತು ಮುಂದಕ್ಕೆ ಬಾಗುವುದು), ಉಷ್ಟ್ರಾಸನ (ಮಂಡಿಯ ಮೇಲೆ ನಿಂತು ಹಿಂದಕ್ಕೆ ಬಾಗಿ ಹಿಮ್ಮಡಿ ಹಿಡಿಯುವುದು). ಕತ್ತನ್ನು ಹಿಂದಕ್ಕೆ ಎಸೆಯದೆ ಎದೆಯನ್ನು ಎತ್ತಿದರೆ ಉಷ್ಟ್ರಾಸನ ಹಿತವಾಗುತ್ತದೆ. ಹಿಮ್ಮಡಿ ಕೈಗೆ ಸಿಗದವರಿಗೆ, ಕೈಯನ್ನು ಸೊಂಟದ ಮೇಲಿಟ್ಟು ಬಾಗುವ ಅರ್ಧ ಉಷ್ಟ್ರಾಸನ ಧಾರಾಳ ಸಾಕು. ಬಿಪಿ ಹೆಚ್ಚಿದ್ದವರು, ಗ್ಲಾಕೋಮಾ ಇರುವವರು ಶಶಾಂಕಾಸನದಲ್ಲಿ ತಲೆ ನೆಲಕ್ಕೆ ಇಳಿಸಬಾರದು. ಮಂಡಿನೋವು, ಹರ್ನಿಯಾ, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು: ಇದನ್ನೆಲ್ಲ ಮೊದಲ ದಿನವೇ ಕೇಳದ ಶಿಕ್ಷಕರ ಬಳಿ ಹೋಗದಿರುವುದೇ ಒಳ್ಳೆಯದು.

ಕೊನೆಗೆ ಆಳವಾದ ವಿಶ್ರಾಂತಿ. ಸೊಂಟದ ಕೆಳಗೆ ಅ-ಕಾರ, ನಡುಭಾಗಕ್ಕೆ ಉ-ಕಾರ, ತಲೆಗೆ ಮ-ಕಾರ, ಆಮೇಲೆ ಇಡೀ ದೇಹಕ್ಕೆ ಓಂಕಾರ. ಉಚ್ಚಾರದ ಕಂಪನ ಆಯಾ ಭಾಗದಲ್ಲಿ ಹರಡುವುದನ್ನು ಗಮನಿಸಿ, ನಂತರ ಕೆಲವು ನಿಮಿಷ ಮೌನ. ಈ ಹೊತ್ತಿಗೆ ಮೈ ತಣ್ಣಗಾಗುವುದರಿಂದ ಎಸಿ ಕೋಣೆಯಲ್ಲಿ ಚಳಿಯಾಗುತ್ತದೆ, ಒಂದು ಶಾಲು ಹತ್ತಿರ ಇರಲಿ.

ಚಲನೆ ಬೆರೆಸಿದ್ದಕ್ಕೆ ಲಾಭ ಇದೆಯೇ? ಯೋಗ ಸಂಶೋಧಕಿ ಶರ್ಲಿ ಟೆಲ್ಲಿಸ್, ನಾಗೇಂದ್ರ ಮತ್ತಿತರರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 40 ಪುರುಷರ ಆಮ್ಲಜನಕ ಬಳಕೆ ಅಳೆದಿದ್ದರು. ಆವರ್ತನ ಧ್ಯಾನದ ನಂತರ ಅದು ಶೇ. 32.1 ಇಳಿದರೆ, ಬರೀ ಶವಾಸನದ ನಂತರ ಶೇ. 10.1. ಅಳೆದದ್ದು ಗಂಡಸರನ್ನು ಮಾತ್ರ, ಅಧ್ಯಯನ ಮಾಡಿದ್ದೂ ಕ್ರಮವನ್ನು ರೂಪಿಸಿದ ಸಂಸ್ಥೆಯವರೇ. ಮೊದಲ ದಿನವೇ ಇಷ್ಟು ಫಲ ಎಂದು ಎಣಿಸಬೇಡಿ.

ನಮ್ಮ ದೃಷ್ಟಿಯಲ್ಲಿ ಒಂದೇ ಕೊರತೆ. ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂತು ಸೆಟೆದ ಮೈಗೆ ಇಲ್ಲಿನ ಚಲನೆ ಮೃದುವಾಯಿತು. ಅದಕ್ಕೆ ಮೊದಲು ಹತ್ತು ನಿಮಿಷ ಶಿಥಿಲೀಕರಣ ವ್ಯಾಯಾಮ ಇರುವ ತರಗತಿ ಹುಡುಕಿ: ನಿಂತಲ್ಲೇ ನಿಧಾನ ಜಾಗಿಂಗ್, ಹಿಮ್ಮಡಿ ಪೃಷ್ಠಕ್ಕೆ ತಾಗುವಂತೆ ಒಂದಿಷ್ಟು, ಮಂಡಿ ಎತ್ತಿ ಒಂದಿಷ್ಟು, ಕೊನೆಗೆ ವೇಗ ಇಳಿಸುವುದು. ಅಥವಾ ಚುರುಕಾಗಿ ಆರು ಸೂರ್ಯನಮಸ್ಕಾರ. ಎದೆಬಡಿತ ಏರಿದ್ದಾಗಲೇ ಮಲಗಿದರೆ ಮನಸ್ಸಿಗೆ ಹಿಡಿದುಕೊಳ್ಳಲು ಆ ಬಡಿತವೇ ಸಿಗುತ್ತದೆ, ಕಚೇರಿಯ ಚಿಂತೆ ತಾನಾಗಿ ಹಿಂದೆ ಸರಿಯುತ್ತದೆ. ಹೃದಯದ ತೊಂದರೆ ಇದ್ದವರು ಈ ಸೇರ್ಪಡೆಯನ್ನು ವೈದ್ಯರನ್ನು ಕೇಳಿಯೇ ಮಾಡಬೇಕು.

ಊಟವಾಗಿ ಮೂರೂವರೆ ಗಂಟೆ, ತಿಂಡಿಯಾಗಿ ಎರಡು ಗಂಟೆ ಬಿಟ್ಟು ಹೋಗಿ. ಹೊಟ್ಟೆ ತುಂಬಿದ್ದರೆ ಕೊನೆಯ ಹಂತ ಪೂರ್ತಿ ನಿದ್ದೆಗೆ ಹೋಗುತ್ತದೆ. ಸೇರುವ ಮೊದಲು ಒಂದು ತರಗತಿಗೆ ಹೋಗಿ ಗಡಿಯಾರ ನೋಡಿ: ಶ್ಲೋಕದಿಂದ ಕೊನೆಯ ಪ್ರಾರ್ಥನೆಯವರೆಗೆ ಮೂವತ್ತೈದು ನಿಮಿಷ ಆಗುತ್ತಿದೆಯೇ, ಶಿಕ್ಷಕರ ಎರಡು ಸೂಚನೆಗಳ ನಡುವೆ ಮೌನ ಇದೆಯೇ, ಹಿನ್ನೆಲೆಯಲ್ಲಿ ಜೋರು ಸಂಗೀತ ಹಾಕುತ್ತಾರೆಯೇ. ಸುಮಾರು ಒಂದು ತಿಂಗಳು ಶಿಕ್ಷಕರ ಎದುರು ಕಲಿತ ಮೇಲೆ ಧ್ವನಿಮುದ್ರಿಕೆ ಇಟ್ಟುಕೊಂಡು ಮನೆಯಲ್ಲೇ ಮಾಡಬಹುದು. ಆಗ ಫೋನಿಗೆ ಕರೆ ಬರದಂತೆ ಮಾಡಿಡಿ, ಆಳದ ವಿಶ್ರಾಂತಿಯಿಂದ ರಿಂಗ್‌ಟೋನಿಗೆ ಬೆಚ್ಚಿ ಎದ್ದರೆ ತಲೆನೋವು ಬರಬಹುದು.