ಇಂಜೆಕ್ಟರ್ ಬಿಚ್ಚಿಸುವ ಮುಂಚೆ ವೈರ್ ಒಂದ್ಸಲ ಅಲ್ಲಾಡಿಸಿ ನೋಡಿ

ನಮ್ಮದು 2011ರ ಡೀಸೆಲ್ ಕಾರು. 1.3 ಲೀಟರ್ ಕಾಮನ್ ರೈಲ್ ಎಂಜಿನ್, ಅಂದರೆ ರೈಲ್ ಅನ್ನುವ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಎಲ್ಲ ಇಂಜೆಕ್ಟರುಗಳಿಗೂ ಹೋಗುವಂಥದ್ದು. ಇಂಜೆಕ್ಟರ್ ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ. ಓಡಿದ್ದು 1 ಲಕ್ಷ 60 ಸಾವಿರ ಕಿ.ಮೀ. ರಿಪೇರಿಗೆ ಬಿಟ್ಟ ಗ್ಯಾರೇಜಿನ ಹೆಸರು ಹಾಕುವುದಿಲ್ಲ, ಸುಮ್ನೆ ಜಗಳ ಬೇಡ. ಬೇಡದ ಇಂಜೆಕ್ಟರ್ ಹಾಕಿಸಿ 38 ಸಾವಿರ ರೂಪಾಯಿ ನೀರಿಗೆ ಹಾಕಿದ್ದರಲ್ಲಿ ನನ್ನ ಪಾಲೂ ಇದೆ.

ಹೋದ ಮಳೆಗಾಲ ಮಂಗಳೂರಿನಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಎರಡನೇ ಗೇರಿನಲ್ಲಿ, ಗಾಡಿ ಗಡಗಡ ನಡುಗಿತು. ಪಿಕಪ್ ಸತ್ತೇಹೋಯಿತು. ಹಿಂದೆ ಟ್ಯಾಂಕರಿನವನು ಹಾರ್ನ್ ಮೇಲೆ ಕೈ ಇಟ್ಟೇ ಕೂತಿದ್ದ. ಚೆಕ್ ಎಂಜಿನ್ ಲೈಟ್ ಹತ್ತಿತು. ಹತ್ತು ಸೆಕೆಂಡ್ ಆಗಿರಬೇಕು, ಏನೂ ಆಗಿಲ್ಲ ಅನ್ನುವ ಹಾಗೆ ಮತ್ತೆ ಎಳೆಯಿತು. ಸಕಲೇಶಪುರ ಸೇರುವಷ್ಟರಲ್ಲಿ ನಾಲ್ಕು ಸಲ ಹೀಗಾಯಿತು. ಅಲ್ಲಿಂದ ಹಾಸನದವರೆಗೆ ಒಂದು ಸಲವೂ ಇಲ್ಲ.

ಮೊದಲ ತಪ್ಪು ನನ್ನದು. ಕಾರು ಬರೆದಿಟ್ಟ ದೋಷದ ಕೋಡ್ ಓದುವ, ಫೋನಿಗೆ ಜೋಡಿಸುವ ಸಣ್ಣ ಓಬಿಡಿ ಸ್ಕ್ಯಾನರ್ ನನ್ನ ಹತ್ತಿರ ಇದೆ. ಮನೆಗೆ ಬಂದವನೇ ಕೋಡ್ ಅಳಿಸಿಬಿಟ್ಟೆ. ಲೈಟ್ ಆರಿತು, ಖುಷಿಯಾಯಿತು. ಕೋಡ್ ಬಿದ್ದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು, ಲೋಡ್ ಎಷ್ಟಿತ್ತು ಎಂದು ಕಾರಿನ ಇಸಿಯು, ಅಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್, ಬರೆದಿಟ್ಟುಕೊಂಡಿರುತ್ತದೆ. ಅದನ್ನು ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬಂದು ಹೋಗುವ ತೊಂದರೆಗೆ ಇದ್ದ ಒಂದೇ ಸಾಕ್ಷಿ ಅದು. ಅಳಿಸುವ ಮುಂಚೆ ಫೋಟೋ ಆದರೂ ತೆಗೆದುಕೊಳ್ಳಿ.

ವಾರ ಬಿಟ್ಟು ಮತ್ತೆ ಶುರುವಾಯಿತು. ಗ್ಯಾರೇಜಿಗೆ ಬಿಟ್ಟೆ. ಸ್ಕ್ಯಾನ್ ಮಾಡಿದಾಗ ಬಂದದ್ದು ಪಿ0203. "ಸಾರ್, ಮೂರನೇ ಇಂಜೆಕ್ಟರ್ ಹೋಗಿದೆ" ಅಂದರು. ನಾನು ತಲೆಯಾಡಿಸಿದೆ. ಆ ಕೋಡ್ ಹೇಳುವುದು ಇಂಜೆಕ್ಟರ್ ಹೋಗಿದೆ ಅಂತಲ್ಲ, ಮೂರನೇ ಇಂಜೆಕ್ಟರಿನ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಅಂತ. ಇಂಜೆಕ್ಟರಿನ ಒಳಗಿನ ಕಾಯಿಲ್ ಇರಬಹುದು, ವೈರ್ ಸಿಕ್ಕಿಸುವ ಕಪ್ಲರ್ ಇರಬಹುದು, ಕಪ್ಲರಿನಿಂದ ಇಸಿಯುವರೆಗಿನ ವೈರ್ ಇರಬಹುದು, ಅಪರೂಪಕ್ಕೆ ಇಸಿಯು ಇರಬಹುದು. ವೈರ್ ನೋಡಲು ಅರ್ಧ ಗಂಟೆ ಸಾಕು. ಅವರು ನೋಡಲಿಲ್ಲ, ನಾನೂ ಕೇಳಲಿಲ್ಲ.

ರೀಕಂಡಿಷನ್ ಮಾಡಿದ ಒಂದು ಇಂಜೆಕ್ಟರ್ ಹಾಕಿದರು. ಎರಡೇ ದಿನಕ್ಕೆ ಐಡ್ಲಿಂಗ್‌ನಲ್ಲಿ ಟಕಟಕ ಸದ್ದು, ಜೊತೆಗೆ ಹೊಗೆ. ಇಂಥ ಎಂಜಿನ್‌ಗಳಲ್ಲಿ ಪ್ರತಿ ಇಂಜೆಕ್ಟರ್ ಮೇಲೂ ಅದರದೇ ಕೋಡ್ ಕೆತ್ತಿರುತ್ತದೆ, ಇದು ದೋಷದ ಕೋಡ್ ಅಲ್ಲ. ಬದಲಿಸಿದಾಗ ಅದನ್ನು ಸ್ಕ್ಯಾನರಿನಿಂದ ಇಸಿಯುಗೆ ಬರೆಯಬೇಕು. ಇಲ್ಲದಿದ್ದರೆ ಡೀಸೆಲ್ ಹಾಕುವ ಲೆಕ್ಕ ತಪ್ಪುತ್ತದೆ. ಅವರು ಬರೆದಿರಲಿಲ್ಲ. ಬದಲಿಗೆ, "ಹೊಸದಕ್ಕೂ ಹಳೇದಕ್ಕೂ ಹೊಂದಾಣಿಕೆ ಆಗ್ತಿಲ್ಲ ಸಾರ್, ಪೂರ್ತಿ ಸೆಟ್ಟೇ ಹಾಕಿಬಿಡೋಣ" ಅಂದರು. ಹಾಕಿಸಿದೆ. ಉಳಿದ ಮೂರು ಹಳೆಯವು ಎಕ್ಸ್‌ಚೇಂಜಿಗೆ ಹೋದವು. ಮೊದಲು ಬಿಚ್ಚಿದ್ದನ್ನು ಮಾತ್ರ ಕೇಳಿ ಇಸಿದುಕೊಂಡಿದ್ದೆ.

ಅಲ್ಲಿ ನೋಡಿದ ಇನ್ನೊಂದು ವಿಷಯ ದುಡ್ಡಿಗಿಂತ ದೊಡ್ಡದು. ಹೆಲ್ಪರ್ ಹುಡುಗ ಎಂಜಿನ್ ಓಡುತ್ತಿರುವಾಗಲೇ ಸ್ಪ್ಯಾನರ್ ಹಿಡಿದು ಇಂಜೆಕ್ಟರಿನ ಪೈಪ್ ನಟ್ ಸಡಿಲಿಸಲು ಹೋದ. ಹಳೇ ಜೀಪು, ಟ್ರಾಕ್ಟರುಗಳಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಹಾಗೇ ಹುಡುಕುತ್ತಿದ್ದರು. ಕಾಮನ್ ರೈಲಿನಲ್ಲಿ ಹಾಗೆ ಮಾಡಲೇಬಾರದು. ಐಡ್ಲಿಂಗ್‌ನಲ್ಲೇ 250 ಬಾರ್ ಆಸುಪಾಸು ಒತ್ತಡ ಇರುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸಾವಿರ ದಾಟುತ್ತದೆ. ಸೂಜಿಯಂಥ ಆ ಡೀಸೆಲ್ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟು ಗಾಯ ಕಂಡರೂ ಒಳಗೆ ಬೆರಳೇ ಕೊಳೆಯಬಹುದು. ನಾನು ಕೂಗಿ ನಿಲ್ಲಿಸಿದೆ. ಓಡುವ ಎಂಜಿನ್‌ನಲ್ಲಿ ಇಂಜೆಕ್ಟರಿನ ಕಪ್ಲರ್ ಎಳೆಯುವುದೂ ಬೇಡ, ಅಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಇರುತ್ತದೆ. ಒಳ್ಳೆ ಸ್ಕ್ಯಾನರಿನಲ್ಲಿ ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡುವ ಸೌಲಭ್ಯ ಇದೆ.

ಮುಂದಿನ ಸಲ ಘಾಟಿಯಲ್ಲಿ ಮತ್ತದೇ ಗಡಗಡ. ಮತ್ತದೇ ಪಿ0203. ಗ್ಯಾರೇಜಿನವರು ಈಗ ಡೀಸೆಲ್ ಪಂಪ್ ಹೋಗಿದೆ ಅಂದರು. ಗಾಡಿ ವಾಪಸ್ ತಂದೆ.

ಭಾವ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದರು. ಅವರು ಬಾನೆಟ್ ಎತ್ತುವ ಮುಂಚೆ ಕೇಳಿದ್ದು ಬರೀ ಪ್ರಶ್ನೆ. ಬೆಳಿಗ್ಗೆ ತಣ್ಣಗಿದ್ದಾಗ ಆಗುತ್ತಾ? ಏರಿನಲ್ಲಿ ಮಾತ್ರವಾ? ಯಾವ ಗೇರು? ಮಳೆ ಬಂದ ಮೇಲೆ ಜಾಸ್ತಿಯಾ? ಇದನ್ನು ಅಷ್ಟು ದಿನ ಯಾರೂ ಕೇಳಿರಲಿಲ್ಲ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ಒಣಗಿದ ಮರದ ಕಡ್ಡಿಯಿಂದ ವೈರಿಂಗನ್ನು ಅಲ್ಲಲ್ಲಿ ಮೆಲ್ಲಗೆ ತಳ್ಳುತ್ತಾ ಹೋದರು. ಒಂದು ಬ್ರಾಕೆಟ್ ಹತ್ತಿರ ತಳ್ಳಿದ ಕೂಡಲೇ ಎಂಜಿನ್ ನಡುಗಿತು. ಕಡ್ಡಿ ತೆಗೆದರು, ಸರಿಯಾಯಿತು. ಮತ್ತೆ ತಳ್ಳಿದರು, ಮತ್ತೆ ನಡುಗಿತು.

ಟೇಪ್ ಬಿಚ್ಚಿದರೆ ವೈರ್ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಸವೆದಿತ್ತು. ತಾಮ್ರ ಹಸಿರುಗಟ್ಟಿ ಎರಡೇ ಎಳೆ ಉಳಿದಿತ್ತು. ಏರಿನಲ್ಲೇ ಯಾಕೆ ಅಂದರೆ, ಎಂಜಿನ್ ಹಿಡಿದು ಕೂರಿಸುವ ಮೌಂಟಿಂಗ್ ರಬ್ಬರ್ ಸತ್ತಿತ್ತು. ಎರಡನೇ ಗೇರಿನಲ್ಲಿ ಜೋರಾಗಿ ಎಳೆಯುವಾಗ ಎಂಜಿನ್ ಹಿಂದಕ್ಕೆ ವಾಲುತ್ತದೆ, ವೈರ್ ಜಗ್ಗುತ್ತದೆ, ಮೂರನೇ ಸಿಲಿಂಡರಿಗೆ ಕರೆಂಟ್ ತಪ್ಪುತ್ತದೆ. ಗ್ಯಾರೇಜಿನ ಸಮತಟ್ಟು ನೆಲದಲ್ಲಿ ನಿಂತಾಗ ಅದು ಹೇಗೆ ಕಾಣಬೇಕು? ವೈರ್ ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಬ್ರಾಕೆಟ್‌ನಿಂದ ದೂರ ಕಟ್ಟಿದರು. 650 ರೂಪಾಯಿ. ಇಂಜೆಕ್ಟರ್ ಕೋಡುಗಳನ್ನು ಬೇರೆ ಕಡೆ ಬರೆಸಿದೆ, ಟಕಟಕವೂ ನಿಂತಿತು.

ನಿಮಗೆ ಬರುವ ಕೋಡ್ ಸರ್ಕ್ಯೂಟಿನದಲ್ಲ, ರೈಲ್ ಒತ್ತಡ ಕಡಿಮೆ ಅನ್ನುವ ಪಿ0087 ಆಗಿದ್ದರೆ ದಾರಿ ಬೇರೆ. ಆಗಲೂ ಮೊದಲು ಡೀಸೆಲ್ ಫಿಲ್ಟರ್ ನೋಡಿಸಿ. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಪಾರದರ್ಶಕ ಪೈಪ್ ತುಂಡು ಹಾಕಿದರೆ ಗಾಳಿ ಗುಳ್ಳೆ ಬರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಪೈಪಿಗೆ (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪ್) ಒಂದೊಂದು ಬಾಟಲಿ ಕಟ್ಟಿ ಓಡಿಸಿದರೆ, ಯಾವುದರಲ್ಲಿ ಡೀಸೆಲ್ ಜಾಸ್ತಿ ತುಂಬುತ್ತದೋ ಅದು ಸವೆದಿದೆ. ಒಂದನ್ನೂ ಹೊರಗೆ ತೆಗೆಯದೆ ಇಷ್ಟು ತಿಳಿಯುತ್ತದೆ.

ಉಳಿಸಿಕೊಂಡಿದ್ದ ಹಳೇ ಇಂಜೆಕ್ಟರನ್ನು ಆಮೇಲೆ ಟೆಸ್ಟ್ ಬೆಂಚ್ ಇರುವ ಅಂಗಡಿಗೆ ಕೊಟ್ಟೆ. ಪರೀಕ್ಷೆ ಮಾಡಿದವರು ತಿರುಗಿಸಿ ಕೇಳಿದರು, "ಇದನ್ನ ಯಾಕೆ ಬಿಚ್ಚಿದ್ರಿ ಸಾರ್?" ಅದೀಗ ಟಿವಿ ಪಕ್ಕದ ಶೆಲ್ಫಿನಲ್ಲಿದೆ. ಗ್ಯಾರೇಜಿನವರು ಮೊನ್ನೆಯೂ ಫೋನ್ ಮಾಡಿದ್ದರು, ಪಂಪ್ ಯಾವಾಗ ಬಿಚ್ಚೋಣ ಅಂತ.