‘ಲೀಗಲ್ ಅಡ್ಮಿನಿಸ್ಟ್ರೇಟರ್’ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಬಿ.ಕಾಂ ಮುಗಿಸಿ ಮನೆಯಲ್ಲಿದ್ದಾಗ ಫೋನಿನಲ್ಲಿ ಒಂದು ಜಾಹೀರಾತು ನೋಡಿದೆ. ಆರು ತಿಂಗಳ ಡಿಪ್ಲೊಮಾ, ಆಮೇಲೆ ವಕೀಲರ ಆಫೀಸಿನಲ್ಲೋ ಕೋರ್ಟಿನಲ್ಲೋ ‘ಲೀಗಲ್ ಅಡ್ಮಿನಿಸ್ಟ್ರೇಟರ್’ ಕೆಲಸ ಗ್ಯಾರಂಟಿ. ಫೀಸು 68,000 ರೂಪಾಯಿ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪ ಕೊಬ್ಬರಿ ಮಾರಿದ ದುಡ್ಡು ತಂದು ಕಟ್ಟಿದರು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಹೆಸರಿಗಿಂತ ಅವರ ವರಸೆ ಗೊತ್ತಾದರೆ ನಿಮಗೆ ಜಾಸ್ತಿ ಉಪಯೋಗ.

ಸೇರಿದ ದಿನವೇ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸ್ಕೊಂಡರು. ‘ವೆರಿಫಿಕೇಶನ್‌ಗೆ, ವಾರದಲ್ಲಿ ಕೊಡ್ತೀವಮ್ಮ’ ಅಂದರು. ಪಾಠ ಅಂದರೆ ಎಕ್ಸೆಲ್, ಇಂಗ್ಲಿಷ್ ಮಾತು, ಅಮೆರಿಕದ ಕೋರ್ಟುಗಳ ಬಗ್ಗೆ ಎಲ್ಲಿಂದಲೋ ತಂದ ಸ್ಲೈಡುಗಳು. ಒಂದು ದಿನವೂ ಕೋರ್ಟಿಗೆ ಕರೆದುಕೊಂಡು ಹೋಗಲಿಲ್ಲ. ಒಂದು ವಕಾಲತ್ತು, ಅಂದರೆ ಕೇಸು ನಡೆಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರ, ಹೇಗಿರುತ್ತದೆ ಅಂತಲೂ ತೋರಿಸಲಿಲ್ಲ.

ಅದರ ಪರಿಣಾಮ ಗೊತ್ತಾಗಿದ್ದು ಬೆಂಗಳೂರಿನಲ್ಲಿ ಒಬ್ಬ ವಕೀಲರ ಆಫೀಸಿಗೆ ಕೆಲಸ ಕೇಳಲು ಹೋದಾಗ. ಅಲ್ಲಿನ ಹಿರಿಯ ಗುಮಾಸ್ತರು ನನ್ನ ಸರ್ಟಿಫಿಕೇಟನ್ನು ಬಿಚ್ಚಿಯೂ ನೋಡಲಿಲ್ಲ. ‘ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿದ್ದೀಯೇನಮ್ಮ? ಕಾಸ್ ಲಿಸ್ಟ್ ನೋಡೋಕೆ ಬರುತ್ತಾ? ಫೈಲಿಂಗ್‌ನಲ್ಲಿ ಆಬ್ಜೆಕ್ಷನ್ ಹಾಕಿದರೆ ಏನು ಮಾಡ್ತೀಯ?’ ಒಂದಕ್ಕೂ ಉತ್ತರ ಇರಲಿಲ್ಲ. ಸರ್ಟಿಫೈಡ್ ಕಾಪಿ ಅಂದರೆ ಕೋರ್ಟೇ ದೃಢೀಕರಿಸಿ ಕೊಡುವ ನಕಲು, ಕಾಸ್ ಲಿಸ್ಟ್ ಅಂದರೆ ಆ ದಿನ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ, ಆಬ್ಜೆಕ್ಷನ್ ಅಂದರೆ ನಾವು ಹಾಕಿದ ಕಾಗದದಲ್ಲಿ ಕೋರ್ಟಿನ ಕಚೇರಿ ತೋರಿಸುವ ಕೊರತೆ ಅಂತಲೂ ಗೊತ್ತಿರಲಿಲ್ಲ. ಅಳು ಬಂತು. ಅವರೇ ಕೂರಿಸಿಕೊಂಡು ಹೇಳಿದರು. ಸಿವಿಲ್ ದಾವೆಯಲ್ಲಿ ಸಮನ್ಸ್ ಮುಟ್ಟಿದ 30 ದಿನದೊಳಗೆ ಪ್ರತಿವಾದಿ ತನ್ನ ಉತ್ತರವನ್ನು, ಅಂದರೆ ಲಿಖಿತ ಹೇಳಿಕೆಯನ್ನು, ಹಾಕಬೇಕು. ಕೋರ್ಟು ಒಪ್ಪಿದರೆ 90 ದಿನ. ಡಿಕ್ರಿಯ (ದಾವೆಯಲ್ಲಿ ಕೋರ್ಟು ಕೊಟ್ಟ ತೀರ್ಮಾನದ) ಮೇಲೆ ಜಿಲ್ಲಾ ಕೋರ್ಟಿಗೆ ಮೇಲ್ಮನವಿಯಾದರೆ 30 ದಿನ, ಹೈಕೋರ್ಟಿಗಾದರೆ 90. ಸರ್ಟಿಫೈಡ್ ಕಾಪಿಗೆ ಹಿಡಿದ ದಿನಗಳನ್ನು ಆ ಲೆಕ್ಕದಿಂದ ಬಿಡಬೇಕು. ‘ಡೈರಿಯಲ್ಲಿ ಒಂದು ತಾರೀಖು ತಪ್ಪಾದರೆ ಯಾರದೋ ಜಮೀನು ಹೋಗುತ್ತಮ್ಮ’ ಅಂದರು. ಆರು ತಿಂಗಳಲ್ಲಿ ಕಲಿಯದ್ದನ್ನು ಆ ಅರ್ಧ ಗಂಟೆಯಲ್ಲಿ ಕಲಿತೆ.

ಅಮೆರಿಕದಲ್ಲಿ ಲೀಗಲ್ ಅಡ್ಮಿನಿಸ್ಟ್ರೇಟರ್ ಅನ್ನುವ ಹುದ್ದೆ ಇದೆ, ನಿಜ. ಆದರೆ ಅದು ವಕೀಲರ ಸಂಸ್ಥೆಯ ಹಣಕಾಸು, ಸಿಬ್ಬಂದಿ ಎಲ್ಲವನ್ನೂ ನೋಡಿಕೊಳ್ಳುವ ಅನುಭವಸ್ಥರ ಕೆಲಸ. ಹೊಸಬರಿಗೆ ಸಿಗುವಂಥದ್ದಲ್ಲ. ನಮ್ಮ ಕೋರ್ಟುಗಳಲ್ಲಿ ಆ ಹೆಸರಿನ ಹುದ್ದೆಗೆ ಯಾರೂ ಅರ್ಜಿ ಕರೆಯುವುದಿಲ್ಲ. ಇಲ್ಲಿರುವುದು ಶಿರಸ್ತೇದಾರ್, ಪ್ರಥಮ ದರ್ಜೆ ಸಹಾಯಕ, ದ್ವಿತೀಯ ದರ್ಜೆ ಸಹಾಯಕ, ಬೆರಳಚ್ಚುಗಾರ, ಶೀಘ್ರಲಿಪಿಗಾರ, ಆದೇಶ ಜಾರಿಕಾರ. ಜಿಲ್ಲಾ ನ್ಯಾಯಾಲಯಗಳೇ ನೇಮಕಾತಿ ಅಧಿಸೂಚನೆ ಹೊರಡಿಸುತ್ತವೆ, ಅವುಗಳ ವೆಬ್‌ಸೈಟಿನಲ್ಲೇ ಹಾಕುತ್ತವೆ. ದ್ವಿತೀಯ ದರ್ಜೆ ಸಹಾಯಕರಿಗೆ ಪಿಯುಸಿ ಸಾಕು. ಬೆರಳಚ್ಚುಗಾರರಿಗೆ ಅದರ ಜೊತೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾಗಿರಬೇಕು. ಈ ಡಿಪ್ಲೊಮಾ ಎಲ್ಲೂ ಬೇಕಿಲ್ಲ.

ನನಗೆ ಜಾಸ್ತಿ ನೋವಾಗಿದ್ದು ದುಡ್ಡಿಗಲ್ಲ. ಒಂದು ಜಿಲ್ಲಾ ನ್ಯಾಯಾಲಯದ ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಸಂದರ್ಶನಕ್ಕೆ ಕರೆ ಬಂದಿತ್ತು, ಒರಿಜಿನಲ್ ತರಬೇಕಿತ್ತು. ಸಂಸ್ಥೆಯವರು ‘ಪ್ಲೇಸ್‌ಮೆಂಟ್ ಫೀಸು’ ಅಂತ ಇನ್ನೂ 12,000 ಕೊಟ್ಟರೆ ಮಾತ್ರ ಕೊಡ್ತೀವಿ ಅಂದರು. ಅವರು ಕೊಡಿಸಿದ್ದ ಕೆಲಸ ಯಾವುದು ಗೊತ್ತಾ? ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್, ತಿಂಗಳಿಗೆ 9,000. ಪೊಲೀಸ್ ಠಾಣೆಗೆ ಬರಹದಲ್ಲಿ ದೂರು ಕೊಟ್ಟ ಮೇಲೆ ಕಾರ್ಡುಗಳು ಕೈಗೆ ಬಂದವು. ಅಷ್ಟರಲ್ಲಿ ಸಂದರ್ಶನದ ದಿನ ಹೋಗಿತ್ತು. ಯಾರೇ ಕೇಳಲಿ, ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ.

ದುಡ್ಡಿಗಾಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಈಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕು ಅಂತಿಲ್ಲ, ಆದರೆ ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ರಸೀದಿ, ಜಾಹೀರಾತು, ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ‘100% ಕೆಲಸ ಗ್ಯಾರಂಟಿ’ ಅಂತ ಅವರು ಕಳಿಸಿದ್ದ ಒಂದು ಮೆಸೇಜ್ ನನ್ನ ಫೋನಿನಲ್ಲಿ ಉಳಿದಿತ್ತು. ನನ್ನ ದೂರು ನಿಂತಿರುವುದೇ ಅದರ ಮೇಲೆ.