ಧಾರವಾಡದಾಗ ಕಸೂತಿ ಕ್ಲಾಸ್: ಮೊದಲ್ನೇ ದಿನ ಸೂಜಿ ಕೊಡೂದಿಲ್ಲ

ಸಪ್ತಾಪುರದಾಗ ಒಬ್ರು ಅಕ್ಕೋರು ತಮ್ಮ ಮನ್ಯಾಗ ಕಸೂತಿ ಕಲಸ್ತಾರ, ನಾಲ್ಕು ರವಿವಾರಕ್ಕ 1200 ರೂಪಾಯಿ, ಬಟ್ಟಿ ದಾರ ಎಲ್ಲಾ ಅದ್ರಾಗ ಬಂತು. ನಾ ಹುಬ್ಬಳ್ಳಿಯೊಳಗ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳ್ತೀನಿ, ಚಿಗರಿ ಬಸ್ಸಿಗೆ ಹೋಗಿ ಬರ್ತಿದ್ದೆ.

ಮೊದಲ್ನೇ ದಿನ ಕೊಟ್ಟಿದ್ದು ಗ್ರಾಫ್ ಹಾಳಿ, ಪೆನ್ಸಿಲ್ ಅಷ್ಟ. ಒಂದು ಸಣ್ಣ ಗೋಪುರ ತಗಸಿ, "ಎಲ್ಲಿಂದ ಹೊಂಟಿ, ಎಲ್ಲಿ ಹಾಯ್ದು ವಾಪಸ್ ಬರ್ತಿ, ತೋರಸವಾ" ಅಂದ್ರು. ಯಾಕಂದ್ರ ಕಸೂತಿಗೆ ಗಂಟು ಹಾಕೂದಿಲ್ಲ, ಅಚ್ಚು ಒತ್ತೂದಿಲ್ಲ, ಬಟ್ಟಿ ಎಳಿ ಎಣಿಸೇ ಹೊಲೀಬೇಕು, ಗವಂತಿ ಹೊಲಿಗಿ ಅಂತೂ ಮುಂದೂ ಹಿಂದೂ ಒಂದ ನಮೂನಿ ಕಾಣಬೇಕು. ಹೋಗೋವಾಗ ಒಂದು ಮನಿ (ಗ್ರಾಫಿನ ಒಂದು ಚೌಕದಷ್ಟು) ಮ್ಯಾಲ ಒಂದು ಮನಿ ತೆಳಗ, ಬರೋವಾಗ ಬಿಟ್ಟ ಮನಿ ತುಂಬ್ಕೋತ ಬರೂದು.

ಎರಡ್ನೇ ವಾರ ಎಳಿ ಎಣಸಾಕ ಸಲೀಸಾಗೋ ಮ್ಯಾಟಿ ಬಟ್ಟಿ ಮ್ಯಾಲ ನಾ ಗೋಪುರದ ಬಲಕ್ಕಿದ್ದ ಒಂದು ಕೊಂಬಿ ಹೋಗೋವಾಗೂ ಬಿಟ್ಟೆ ಬರೋವಾಗೂ ಬಿಟ್ಟೆ, ಕಡೀಕ ಹಿಂದಿನಿಂದ ದಾರ ಓರಿ ಎಳದು ಮುಟ್ಟಿಸಿದೆ. ಮುಂದ ನೋಡಿದ್ರ ಭಾಳ ಚಂದ. ಅಕ್ಕೋರು ಬಟ್ಟಿ ತಿರುವಿದ್ರು, ಏನೂ ಅನ್ಲಿಲ್ಲ, ಸೂಜಿ ತುದೀಲೆ ಆ ಓರಿ ದಾರ ಎತ್ತಿ ತೋರಿಸಿದ್ರು. ಹನ್ನೊಂದು ಹೊಲಿಗಿ ಬಿಚ್ಚಿದೆ.

ಬಿಚ್ಕೋತ ಕುಂತಾಗ ನೆನಪಾದದ್ದು ಗಣಿತಜ್ಞ ಆಯ್ಲರ್. ಕೋನಿಗ್ಸ್‌ಬರ್ಗ್ ಊರಾಗಿನ ಏಳೂ ಸೇತುವೆ ಒಂದೊಂದ ಸಲ ದಾಟಿ ಮುಗಸಾಕ ಆಗೂದಿಲ್ಲ ಅಂತ 1736ರಾಗ ಬರದಿದ್ರು, ಅಲ್ಲಿ ಪ್ರತಿ ನೆಲಕ್ಕೂ ಬಂದು ಕೂಡೋ ಸೇತುವೆ ಬೆಸ ಸಂಖ್ಯೆ. ಗವಂತಿಯೊಳಗ ಪ್ರತಿ ಗೆರಿ ಎರಡೆರಡು ಸಲ ಹಾಯ್ತೀವಿ, ಹಂಗಾಗಿ ಪ್ರತಿ ಮೂಲಿಗೂ ಕೂಡೋ ದಾರಿ ಸಮ ಸಂಖ್ಯೆನ ಆಗ್ತಾವ, ಡಿಸೈನ್ ಎಲ್ಲೂ ಕಡೀದ ಒಂದಕ್ಕೊಂದು ಕೂಡಿದ್ರ ಸಾಕು, ತೇರಿರ್ಲಿ ತುಳಸಿ ಕಟ್ಟಿ ಇರ್ಲಿ, ಹೊಂಟಲ್ಲಿಗೆ ವಾಪಸ್ ಬರಬಹುದು! ಅಕ್ಕೋರಿಗೆ ಹೇಳ್ದೆ, "ನಮ್ಮವ್ವ ಹಾದ್ಯಾಗಿನ ಕೊಂಬಿ ಮುಗಿಸ್ಕೊಂಡ ಮುಂದ ಹೋಗು ಅಂತಿದ್ಲು" ಅಂದ್ರು. ಮಾಡಿ ನೋಡ್ರಿ, ಕೊಂಬಿ ತುದಿಗೆ ಹೋಗಿ ತಿರುಗಿ ಬಂದ್ರ ಹೊಲಿಗಿ ಲೆಕ್ಕ ಸಮ ಆಗಿರ್ತೈತಿ, ಮ್ಯಾಲ-ತೆಳಗಿನ ಸರತಿ ತಪ್ಪೂದ ಇಲ್ಲ. ಇಪ್ಪತ್ತು ವರ್ಷ ಬೋರ್ಡ್ ಮ್ಯಾಲ ಸಮ-ಬೆಸ ಬರದೀನಿ, ಬೆರಳಿಗೆ ತಿಳದದ್ದು ಅವತ್ತ.

ಮೆಟ್ಟಲಿನಂಗ ಹೋಗೋ ಮುರಗಿ ಹೊಲಿಗಿ ಚಲೋ ಹೇಳಿದ್ರು. ನೇಗಿ, ಮೆಂತಿ (ಕ್ರಾಸ್ ಹೊಲಿಗಿ) ಎರಡನ್ನೂ ಕಡೇ ರವಿವಾರ ಒಂದ ದಿನದಾಗ ತುರುಕಿದ್ದು ಸರಿ ಅನಿಸ್ಲಿಲ್ಲ, ನೇಗಿ ಅಂದ್ರ ನೇಯ್ದಂಗ ಕಾಣಬೇಕು, ಅದಕ್ಕ ಒಂದು ವಾರ ಬೇಕ ಬೇಕು. ಮತ್ತ ಸಂಜಿ ನಾಕರ ಮ್ಯಾಲ ಆ ಖೋಲಿ ಒಳಗ ಬೆಳಕು ಸಾಲೂದಿಲ್ಲ, ಚಂದ್ರಕಾಳಿ ಸೀರಿಯಂಥಾ ಕರೀ ಬಟ್ಟಿ ಕೈಯಾಗಿದ್ರ ಎಳಿ ಎಣಸಾಕ ಕಣ್ಣು ಸೋಲ್ತಾವ, ಒಂದು ಟೇಬಲ್ ಲ್ಯಾಂಪ್ ಇಟ್ರ ಪುಣ್ಯ ಬರ್ತೈತಿ. ಒಂದು ಬ್ಯಾಚಿಗೆ ಆರ ಮಂದಿ, ಹೋಗೋರು ಮೊದ್ಲ ಕೇಳ್ಕೊಂಡು ಹೋಗ್ರಿ, ಚಾಳೀಸ ಇದ್ರ ಮರೀಬ್ಯಾಡ್ರಿ.

ನಂದು ತೇರು ಇನ್ನೂ ಅರ್ಧಕ್ಕೈತಿ. ಕಳಸದ ಕೊಂಬಿ ಮಾತ್ರ ಈ ಸಲ ಹೋಗೋವಾಗನ ಮುಗಿಸ್ಕೊಂಡೀನಿ.